ನೆಟ್‌ಬಾಲ್‌ನಲ್ಲಿ ಮಾರ್ಕಿಂಗ್ ಸುಧಾರಿಸ್ಬೇಕಾ? ಗೋಡೆ, ಜೋಡಿ, ಕ್ಲಾಸ್, ಮ್ಯಾಚ್ – ಯಾವುದಕ್ಕೆ ಟೈಮ್ ಹಾಕೋದು

ಈ ಒಂದು ತಿಂಗಳಲ್ಲಿ ಮೂರು ಜನ ಅಮ್ಮಂದಿರು, ಒಬ್ಬಳು ಕಾಲೇಜ್ ಹುಡುಗಿ, ನಾಲ್ಕೂ ಜನ ನಂಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಮಗಳು ಸ್ಕೂಲ್ ಟೀಮಲ್ಲಿ ಗೋಲ್ ಡಿಫೆನ್ಸ್ ಆಡ್ತಾಳೆ, ಇಲ್ಲಾ ವಿಂಗ್ ಡಿಫೆನ್ಸು, ಎರಡೂ ಎದುರು ಟೀಮನ್ನ ತಡೆಯೋ ಜಾಗ, ಚೆನ್ನಾಗಿ ಓಡ್ತಾಳೆ, ಚೆನ್ನಾಗೇ ಹಾರ್ತಾಳೆ, ಆದ್ರೆ ಮಾರ್ಕ್ ಮಾಡೋಕೆ, ಅಂದ್ರೆ ಎದುರಿನವಳ ಬೆನ್ನು ಬಿಡದೆ ಅವಳ ಆಟ ತಡೆಯೋಕೆ ನಿಂತ್ರೆ ಒಂದಾ ಎದುರಿನವಳು ಕೈತಪ್ಪಿ ಹೋಗ್ತಾಳೆ, ಇಲ್ಲಾಂದ್ರೆ ಪೀ ಅಂತ ವಿಸಿಲ್ ಬೀಳುತ್ತೆ. ಅಕಾಡೆಮಿಗೆ ಹಾಕ್ಲಾ, ಮನೇಲೇ ಪ್ರಾಕ್ಟೀಸ್ ಮಾಡಿಸ್ಲಾ, ಬಾಸ್ಕೆಟ್‌ಬಾಲ್ ಕೋಚ್ ಹತ್ರ ಕಳಿಸ್ಲಾ, ಸುಮ್ನೆ ಮ್ಯಾಚ್ ಜಾಸ್ತಿ ಆಡಿಸ್ಲಾ ಅಂತ. ಒಬ್ಬೊಬ್ರಿಗೂ ಫೋನಲ್ಲಿ ಅರ್ಧರ್ಧ ಗಂಟೆ ಹೇಳಿ ಹೇಳಿ ಸಾಕಾಗಿ ಬರೆದೇ ಬಿಡೋಣ ಅಂತ ಕೂತಿದೀನಿ.

ನನ್ನ ಬಗ್ಗೆ ಒಂದ್ಮಾತು. ದಾವಣಗೆರೇಲಿ ಕಾಲೇಜಲ್ಲಿದ್ದಾಗ ಗೋಲ್ ಡಿಫೆನ್ಸ್ ಆಡಿದವಳು ನಾನು, ಮದುವೆ ಆಗಿ ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಈಗ ಚಿಂಚ್‌ವಾಡದಲ್ಲಿ ನಮ್ಮ ಸೊಸೈಟಿ ಹಿಂದಿನ ಸಿಮೆಂಟ್ ಕೋರ್ಟಲ್ಲಿ ಭಾನುವಾರ ಬೆಳಗ್ಗೆ ಎಂಟ್ಹತ್ತು ಹುಡುಗೀರನ್ನ ಆಡಿಸ್ತೀನಿ. ಸರ್ಟಿಫಿಕೇಟ್ ಇರೋ ಕೋಚ್ ಅಲ್ಲ. ಅರ್ಧ ಜನ ಮರಾಠಿ ಹುಡುಗೀರು, ಅರ್ಧ ನಮ್ಮವರು, ಹಾಗಾಗಿ ಕೋರ್ಟ್ ಮೇಲೆ ನನ್ನ ಬಾಯಿಂದ ಬರೋದು "ಮಾಗೆ ಬಘ, ಮಾಗೆ ಬಘ, ಹಿಂದೆ ನೋಡೇ" ಅನ್ನೋ ಕಲಸುಮೇಲೋಗರ.

ಮೊದ್ಲು ಅಳತೆಗೋಲು

ಯಾವ ದಾರಿ ಒಳ್ಳೇದು ಅಂತ ಕೇಳೋಕೆ ಮುಂಚೆ ಮಗಳು ಎಲ್ಲಿ ಎಡವ್ತಿದಾಳೆ ಅಂತ ಗೊತ್ತಿರ್ಬೇಕು, ಯಾಕಂದ್ರೆ ಮಾರ್ಕಿಂಗ್ ಅನ್ನೋ ಒಂದೇ ಹೆಸರಿನ ಒಳಗೆ ಮೂರು ಬೇರೆ ಬೇರೆ ಕೆಲಸ ಕೂತಿದೆ.

ಒಂದನೇದು, ಬಾಲ್ ಇನ್ನೂ ಬಂದಿಲ್ಲ, ನೀವು ಮಾರ್ಕ್ ಮಾಡ್ಬೇಕಾದ ಎದುರು ಟೀಮಿನ ಹುಡುಗಿ ಪಾಸ್‌ಗೆ ಕಾಯ್ತಿದಾಳೆ. ಆಗ ಅವಳ ಮುಂದೆ ಅರ್ಧ ಮೈ ಅಡ್ಡ ಬರೋ ಹಂಗೆ ಓರೆಯಾಗಿ ನಿಲ್ಬೇಕು, ಒಂದು ಹೆಗಲ ಕಡೆಯಿಂದ ಅವಳು ಕಾಣ್ಬೇಕು, ಇನ್ನೊಂದು ಹೆಗಲ ಕಡೆಯಿಂದ ಬಾಲ್ ಕಾಣ್ಬೇಕು, ಕತ್ತು ತಿರುಗಿಸದೆ ಕಣ್ಣಂಚಲ್ಲೇ ಎರಡೂ ಸಿಗ್ಬೇಕು. ಕೈ ಮಾತ್ರ ಕೆಳಗೇ. ಬಾಲ್ ಇಲ್ಲದವಳ ಹತ್ರ ಕೈ ಚಾಚಿ ಬೇಲಿ ಹಾಕಿದ್ರೆ ಅದು ಅಬ್‌ಸ್ಟ್ರಕ್ಷನ್, ಅಡ್ಡಗಟ್ಟಿದ ತಪ್ಪು.

ಎರಡನೇದು, ಅವಳು ಬಾಲ್ ಹಿಡಿದುಬಿಟ್ಲು. ಈಗ 0.9 ಮೀಟರ್, ಅಂದ್ರೆ ಮೂರಡಿ ಹಿಂದೆ ಸರೀಬೇಕು, ಅವಳು ಇಳಿದ ಕಾಲಿಂದ ನಿಮ್ಮ ಹತ್ತಿರದ ಕಾಲಿಗೆ ನೆಲದ ಮೇಲೆ ಅಳತೆ, ಆಮೇಲೇ ಕೈ ಮೇಲೆ. ಬಾಲ್ ಎಸೆಯೋಕೆ ಅವಳಿಗಿರೋದು 3 ಸೆಕೆಂಡ್, ಆ ಮೂರು ಸೆಕೆಂಡಲ್ಲಿ ನೀವು ಸರಿಯೋಕೇ ಎರಡು ಸೆಕೆಂಡ್ ತಗೊಂಡ್ರೆ ಕೈ ಎತ್ತಿ ಪ್ರಯೋಜನ ಇಲ್ಲ. ತುಂಬಾ ಮಕ್ಕಳಿಗೆ ಗೊತ್ತಿರದ ಇನ್ನೊಂದು ವಿಷ್ಯ, ನೀವು ಸರಿಯಾದ ದೂರದಲ್ಲಿ ನಿಂತ ಮೇಲೆ ಅವಳೇ ಮುಂದೆ ಕಾಲಿಟ್ಟು ಹತ್ರ ಬಂದ್ರೆ ತಪ್ಪು ನಿಮ್ಮದಲ್ಲ, ಗಾಬರಿಬಿದ್ದು ಹಿಂದೆ ಹಿಂದೆ ಹೋಗ್ಬೇಕಾಗಿಲ್ಲ.

ಮೂರನೇದು, ಬಾಲ್ ಎಸೆದಾಯ್ತು, ಎಸೆದವಳು ಈಗ ಓಡ್ತಾಳೆ. ನಮ್ಮ ಹುಡುಗೀರೆಲ್ಲ ಇಲ್ಲೇ ಸಿಕ್ಕಿಬೀಳೋದು, ಬಾಲ್ ಎಲ್ಲಿ ಹೋಯ್ತು ಅಂತ ತಿರುಗಿ ನೋಡ್ತಾ ನಿಲ್ತಾರೆ, ಅಷ್ಟರಲ್ಲಿ ಅವಳು ಗೋಲ್ ಹಾಕೋ ಸರ್ಕಲ್ ಒಳಗೆ. ಅವಳ ದಾರೀಲಿ ಅವಳಿಗಿಂತ ಮೊದ್ಲು ಹೋಗಿ ನಿಲ್ಬೇಕು, ಮೈ ತಾಗಿಸ್ದೆ. ತಾಗಿಸಿದ್ರೆ ಕಾಂಟ್ಯಾಕ್ಟ್, ಪೆನಾಲ್ಟಿ ಪಾಸ್, ಆ ಪಾಸ್ ಹೋಗೋತನಕ ನೀವು ಎಸೆಯೋಳ ಪಕ್ಕ ಗೊಂಬೆ ಥರ ನಿಂತಿರ್ಬೇಕು, ಏಳು ಜನದ ನಿಮ್ಮ ಟೀಮ್ ಅಷ್ಟು ಹೊತ್ತು ಆರು ಜನದ ಟೀಮ್.

ಹಾಗಾಗಿ ಮುಂದಿನ ಮ್ಯಾಚಲ್ಲಿ ಒಂದು ಚೀಟಿ ಪೆನ್ನು ಹಿಡ್ಕೊಂಡು ಕೂತ್ಕೊಳ್ಳಿ. ಎದುರಿನವಳು ಆರಾಮಾಗಿ ಬಾಲ್ ಹಿಡಿದಾಗೆಲ್ಲ ಒಂದು ಗೆರೆ, ಅಬ್‌ಸ್ಟ್ರಕ್ಷನ್‌ಗೆ ಒಂದು, ಕಾಂಟ್ಯಾಕ್ಟ್‌ಗೆ ಒಂದು, ಪಾಸ್ ಆದ್ಮೇಲೆ ತಪ್ಪಿಸ್ಕೊಂಡು ಹೋಗಿದ್ದಕ್ಕೆ ಒಂದು. ಎರಡು ಕ್ವಾರ್ಟರ್ ಸಾಕು. ಯಾವ ಸಾಲಲ್ಲಿ ಗೆರೆ ಜಾಸ್ತಿ ಬಿತ್ತೋ ಅದೇ ನಿಮ್ಮ ಕಾಯಿಲೆ. ಆಮೇಲೆ ಪ್ರತಿ ದಾರೀನೂ ಇದನ್ನೇ ಕೇಳಿ ನೋಡೋದು: ಈ ಕಾಯಿಲೆ ವಾಸಿ ಮಾಡುತ್ತಾ, ಎಷ್ಟು ಜನ ಬೇಕು, ಎಷ್ಟು ದುಡ್ಡು, ತಪ್ಪು ಮಾಡಿದಾಗ ತಪ್ಪು ಅನ್ನೋರು ಇದಾರಾ, ಮಂಡಿ ಉಳಿಯುತ್ತಾ. ಮಂಡಿ ವಿಷ್ಯ ತಮಾಷೆ ಅಲ್ಲ, ಈ ಆಟದಲ್ಲಿ ಓಡಿ ಬಂದವಳು ಥಟ್ ಅಂತ ನಿಲ್ಬೇಕು, ಹಾರಿ ಇಳಿದವಳು ಅಲ್ಲೇ ನಿಲ್ಬೇಕು, ಮಂಡಿ ಮತ್ತೆ ಕಾಲಿನ ಗಿಣ್ಣು ಎರಡಕ್ಕೂ ಏಟು ಜಾಸ್ತಿ.

ಗೋಡೆ ಜೊತೆ ಒಬ್ಬಳೇ

ಖರ್ಚು ಸೊನ್ನೆ. ನಮ್ಮ ಲಿಫ್ಟ್ ಲಾಬಿ ಟೈಲ್ಸ್ ಎರಡಡಿಯವು, ಅಂದ್ರೆ ಒಂದೂವರೆ ಟೈಲ್ ಅಂದ್ರೆ ಕರೆಕ್ಟಾಗಿ ಮೂರಡಿ. ಮಗಳು ಟೈಲ್ ಗೆರೆ ಮೇಲೆ ನಿಂತು, ಬಾಲ್ ಗೋಡೆಗೆ ಹೊಡೆದು ಹಿಡೀತಾಳೆ, ಕೆಳಗಿಟ್ಟು, ಎರಡು ಪುಟ್ಟ ಹೆಜ್ಜೆ ಹಿಂದಕ್ಕೆ, ಒಂದೂವರೆ ಟೈಲ್ ದಾಟ್ತಿದ್ದಂಗೆ ಕೈ ಮೇಲೆ. ಮತ್ತೆ ಮುಂದೆ. ಇಪ್ಪತ್ತು ಸಲ. ಎರಡು ವಾರ ಆದ್ಮೇಲೆ ಕೆಳಗೆ ನೋಡ್ದೇನೇ ಕಾಲಿಗೆ ಮೂರಡಿ ಗೊತ್ತಾಗ್ಬಿಡುತ್ತೆ, ಕತ್ತಲಲ್ಲಿ ಅಡುಗೆಮನೆ ಸ್ವಿಚ್ ಸಿಗಲ್ವಾ, ಹಂಗೆ. ನಮ್ಮತ್ತೆ ನಿಪ್ಪಾಣಿ ಕಡೆಯವರು, ಶುರೂಲಿ ಇದನ್ನ ನೋಡಿ "ಗ್ವಾಡಿ ಸಂಗಾಟ ಆಟ ಆಡ್ತಾಳಲ್ಲ ಈ ಪೋರಿ" ಅಂತ ನಗ್ತಿದ್ರು.

ಆದ್ರೆ ಇದು ಎರಡನೇ ಕೆಲಸಕ್ಕೆ ಮಾತ್ರ ಮದ್ದು. ಚೀಟೀಲಿ ಅಬ್‌ಸ್ಟ್ರಕ್ಷನ್ ಗೆರೆ ಜಾಸ್ತಿ ಇದ್ರೆ ಬೇರೆ ಏನೂ ಯೋಚ್ನೆ ಮಾಡ್ಬೇಡಿ, ದಿನಾ ಹತ್ತು ನಿಮಿಷ ಇದನ್ನೇ ಮಾಡ್ಸಿ. ಒಂದನೇ ಕೆಲಸಕ್ಕೆ ಮೂರು ಕಾಸಿನ ಉಪಯೋಗ ಇಲ್ಲ, ಗೋಡೆ ಎಡಕ್ಕೆ ಹೋಗ್ತೀನಿ ಅಂತ ತೋರ್ಸಿ ಬಲಕ್ಕೆ ಓಡಲ್ವಲ್ಲ.

ಇಬ್ಬರು, ಮತ್ತೆ ನನ್ನ ತಲೆಗೆ ಬಿದ್ದ ಬಾಲ್

ಎಲ್ಲರೂ ಮೊದ್ಲು ಮಾಡ್ಸೋದು ಇದನ್ನೇ. ಚಾಕಲ್ಲಿ ಮೂರು ಮೀಟರ್ ಚೌಕ ಬರೆದು, ಒಬ್ಬಳು ತಪ್ಪಿಸ್ಕೊಳ್ಳೋದು, ಇನ್ನೊಬ್ಬಳು ನೆರಳಿನ ಥರ ಅಂಟ್ಕೊಳ್ಳೋದು, ಮೂವತ್ತು ಸೆಕೆಂಡ್. ಕಾಲಿಗೆ ಒಳ್ಳೇದು, ಅಂಗಾಲೂರದೆ ಮುಂಗಾಲಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಾಕೋದು ಬರುತ್ತೆ, ದಮ್ಮು ಬರುತ್ತೆ, ಮೂರನೇ ಕೆಲಸಕ್ಕೆ ಚೆನ್ನಾಗಿ ಸಹಾಯ ಆಗುತ್ತೆ. ಆದ್ರೆ ಇದರಲ್ಲೊಂದು ಗುಂಡಿ ಇದೆ, ಅದರೊಳಗೆ ನಾನೇ ಬಿದ್ದಿದೀನಿ.

ಕಾಲೇಜಲ್ಲಿ ನಾನೂ ನನ್ನ ಫ್ರೆಂಡೂ ಒಂದು ಇಡೀ ಸೀಸನ್ ಇದನ್ನೇ ಮಾಡಿದ್ವಿ, ಬೇರೆ ಏನೂ ಇಲ್ಲ. ಅವಳ ಸೊಂಟ ನೋಡ್ಕೊಂಡು ಅವಳು ಎತ್ತ ಹೋಗ್ತಾಳೆ ಅಂತ ಹೇಳೋ ಮಟ್ಟಕ್ಕೆ ಬಂದಿದ್ದೆ, ನಂಗೇ ಹೆಮ್ಮೆ. ಇಂಟರ್‌ಕಾಲೇಜ್ ಮೊದಲ್ನೇ ಮ್ಯಾಚು, ಎದುರು ಟೀಮಿನ ಗೋಲ್ ಅಟ್ಯಾಕ್‌ನ, ಅಂದ್ರೆ ಗೋಲ್ ಹಾಕೋಳನ್ನ, ಅಲುಗಾಡೋಕೆ ಬಿಡ್ದಂಗೆ ಹಿಡಿದಿದೀನಿ, ಅವಳಿಗೇ ಮುಖ ಮಾಡ್ಕೊಂಡು ನಿಂತಿದೀನಿ, ಹಿಂದಿಂದ ಬಂದ ಪಾಸ್ ಢಮ್ ಅಂತ ನನ್ನ ತಲೆ ಹಿಂಭಾಗಕ್ಕೆ ಬಡಿದು ಸೈಡ್‌ಲೈನ್ ಆಚೆ ಹೋಯ್ತು. ಪೆವಿಲಿಯನಲ್ಲಿ ಕೂತಿದ್ದ ಹುಡುಗರು ಚಪ್ಪಾಳೆ ಹೊಡೆದ್ರು. ಅಂಪೈರ್ ಮೇಡಂ ನಗು ತಡ್ಕೊಂಡು ಥ್ರೋ ಇನ್ ಅವರಿಗೇ ಕೊಟ್ರು. ಇಡೀ ಸೀಸನ್ನಲ್ಲಿ ನಾನು ಒಂದು ಸಲಾನೂ ಬಾಲ್ ಇಟ್ಕೊಂಡು ಮಾರ್ಕಿಂಗ್ ಪ್ರಾಕ್ಟೀಸ್ ಮಾಡಿರ್ಲಿಲ್ಲ ಅಂತ ಅವತ್ತು ಗೊತ್ತಾಯ್ತು. ಇಬ್ಬರ ಡ್ರಿಲ್ ಕಣ್ಣನ್ನ ಹಾಳು ಮಾಡುತ್ತೆ, ಒಂದೇ ಕಡೆ ನೆಟ್ಟು ನೋಡೋ ಚಟ ಹತ್ತಿಸುತ್ತೆ. ವಾರಕ್ಕೊಂದ್ಸಲ ಹತ್ತು ನಿಮಿಷ ಸಾಕು.

ಮೂರನೇ ಜನ ಸಿಕ್ರೆ

ನನ್ನ ಕೇಳಿದ್ರೆ ಬೇರೆ ಎಲ್ಲಾ ದಾರಿಗಿಂತ ಇದು ಮೇಲು, ದುಡ್ಡು ಕೊಟ್ಟು ಹೋಗೋ ಎಷ್ಟೋ ಕ್ಲಾಸ್‌ಗಿಂತ್ಲೂ. ಒಬ್ಬಳು ಅಟ್ಯಾಕು, ಒಬ್ಬಳು ಡಿಫೆನ್ಸು, ಮೂರನೆಯವರು ನಾಲ್ಕೈದು ಮೀಟರ್ ದೂರ ನಿಂತು ಬಾಲ್ ಎಸೆಯೋರು. ಎಸೆಯೋರ ಕೈಗೆ ಬಾಲ್ ಬಂದ ತಕ್ಷಣ ಮೂರು ಸೆಕೆಂಡ್ ಎಣಿಕೆ ಶುರು, ಅಷ್ಟರೊಳಗೆ ಅಟ್ಯಾಕ್ ಎಡಕ್ಕೋ ಬಲಕ್ಕೋ ಮುಂದಕ್ಕೋ ಬಿಡಿಸ್ಕೊಂಡು ಓಡ್ಬೇಕು. ಈಗ ಡಿಫೆನ್ಸ್ ಹುಡುಗಿ ಸೊಂಟ ಮಾತ್ರ ನೋಡ್ತೀನಿ ಅಂದ್ರೆ ಆಗಲ್ಲ, ಬಾಲ್ ಮಾತ್ರ ನೋಡ್ತೀನಿ ಅಂದ್ರೂ ಆಗಲ್ಲ, ತಾನಾಗೇ ಓರೆ ನಿಲ್ಲೋದು ಬರುತ್ತೆ. ನೀವು ಬಾಯಿ ನೋಯಿಸ್ಕೊಂಡು ಓರೆ ನಿಲ್ಲು ಓರೆ ನಿಲ್ಲು ಅಂತ ಕೂಗ್ಬೇಕಾಗಿಲ್ಲ.

ಲೆಕ್ಕ ಹೀಗಿಟ್ಕೊಳ್ಳಿ: ಬಾಲ್‌ಗೆ ಬೆರಳು ತಾಗಿದ್ರೆ ಒಂದು ಪಾಯಿಂಟ್, ಇಂಟರ್‌ಸೆಪ್ಟ್ ಮಾಡಿ, ಅಂದ್ರೆ ಪಾಸನ್ನ ಮಧ್ಯದಲ್ಲೇ ಕಸ್ಕೊಂಡು, ಹಿಡಿದ್ರೆ ಎರಡು, ಅಟ್ಯಾಕ್ ಕ್ಲೀನಾಗಿ ಹಿಡಿದ್ರೆ ಅವಳಿಗೊಂದು, ಮೈ ತಾಗಿಸಿದ್ರೆ ಇದ್ದ ಪಾಯಿಂಟ್ ಎಲ್ಲಾ ವಾಪಸ್. ಈ ಕೊನೇ ರೂಲ್ ಕ್ರೂರ ಅನ್ಸುತ್ತೆ, ಆದ್ರೆ ಕಾಂಟ್ಯಾಕ್ಟ್ ಚಟ ಬಿಡಿಸೋಕೆ ಇದಕ್ಕಿಂತ ಒಳ್ಳೆ ಔಷಧಿ ನಂಗಿನ್ನೂ ಸಿಕ್ಕಿಲ್ಲ. ಆರೇಳು ಬಾಲ್ ಆದ್ಮೇಲೆ ಜಾಗ ಬದಲಾಯಿಸಿ, ಸುಸ್ತಾದ ಕಾಲಲ್ಲಿ ಕಲಿತಿದ್ದೆಲ್ಲ ತಪ್ಪು ಕಲಿಕೆ. ಅಟ್ಯಾಕ್ ಬಾಲ್ ಹಿಡಿದ್ರೂ ನಿಲ್ಲಿಸ್ಬೇಡಿ, ತಕ್ಷಣ ಮೂರಡಿ ಸರಿದು ಕೈ ಎತ್ತೋದು, ಅವಳು ವಾಪಸ್ ಪಾಸ್ ಕೊಟ್ಟು ಮತ್ತೆ ಓಡೋದು, ಅವಳ ದಾರಿ ಕಟ್ಟೋದು, ಮೂರೂ ಕೆಲಸ ಒಂದೇ ಉಸಿರಲ್ಲಿ ಬಂದುಬಿಡುತ್ತೆ.

ಮೂರನೆಯವರಿಗೆ ನೆಟ್‌ಬಾಲ್ ಬರ್ಬೇಕು ಅಂತೇನೂ ಇಲ್ಲ. ನಮ್ಮನೇಲಿ ಬಹಳ ದಿನ ಆ ಜಾಗದಲ್ಲಿ ಇದ್ದಿದ್ದು ಅತ್ತೆ. ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತು ಎಸೀತಾರೆ, ಪಕ್ಕದ ಫ್ಲಾಟಿನ ಆಜಿ ಜೊತೆ ಸೊಪ್ಪಿನ ರೇಟ್ ಮಾತಾಡ್ತಾ ಮಾತಾಡ್ತಾ ಎತ್ತಲೋ ನೋಡ್ಕೊಂಡು ಇನ್ನೆತ್ತಲೋ ಎಸೀತಾರೆ. ಹುಡುಗೀರಿಗೆ ಒಂದು ಅಂದಾಜೂ ಸಿಗಲ್ಲ. ಅಷ್ಟು ಚೆನ್ನಾಗಿ ಕಣ್ಣಲ್ಲಿ ಮೋಸ ಮಾಡೋ ಸೆಂಟರ್ ಪ್ಲೇಯರ್ ನಮ್ಮ ಟೀಮಲ್ಲೂ ಇಲ್ಲ.

ಅನಾನುಕೂಲ ಇಲ್ವಾ ಅಂದ್ರೆ ಇದೆ. ದಿನಾ ಒಂದೇ ಟೈಮಿಗೆ ಮೂರು ಜನ ಸಿಗೋದು ಪುಣೇಲಿ ಕಷ್ಟ, ಒಬ್ಬಳಿಗೆ ಟ್ಯೂಷನ್, ಒಬ್ಬಳಿಗೆ ಡ್ರಾಯಿಂಗ್ ಎಕ್ಸಾಮ್. ಮತ್ತೆ ಒಬ್ಬಳೇ ಅಟ್ಯಾಕ್ ಜೊತೆ ಆಡಿ ಆಡಿ ಅವಳ ಆಟ ಬಾಯಿಪಾಠ ಆಗ್ಬಿಡುತ್ತೆ, ತಿಂಗಳಿಗೊಂದ್ಸಲ ಬೇರೆ ಸೊಸೈಟಿ ಹುಡುಗೀನ ಕರ್ಕೊಂಡು ಬನ್ನಿ.

ದುಡ್ಡು ಕೊಟ್ಟು ಕ್ಲಾಸ್

ಇಲ್ಲಿ ನನ್ನ ಹೊಟ್ಟೆ ಉರಿ ಸ್ವಲ್ಪ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಮಗಳನ್ನ ಒಂದು ಕಡೆ ಹಾಕಿದ್ದೆ, ಹೆಸರು ಬೇಡ, ತಿಂಗಳಿಗೆ ಎರಡೂವರೆ ಸಾವಿರ, ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿಸ್ಕೊಂಡ್ರು. ಇಪ್ಪತ್ತೆಂಟು ಮಕ್ಕಳು, ಎರಡು ಬಾಲ್. ಸಾಲಲ್ಲಿ ನಿಂತು ಕಾಯೋದ್ರಲ್ಲೇ ಸಂಜೆ ಕಳೀತಿತ್ತು, ನಾನು ಗೇಟಾಚೆ ಸ್ಕೂಟರ್ ಮೇಲೆ ಕೂತು ಎಣಿಸಿದೆ, ಒಂದೂವರೆ ಗಂಟೇಲಿ ಮಗಳು ಮಾರ್ಕಿಂಗ್ ಮಾಡಿದ್ದು ನಾಲ್ಕು ಸಲ. ಜೊತೆಗೆ ಹೋಗಿ ಬರೋ ಟ್ರಾಫಿಕ್ ಬೇರೆ.

ಹಾಗಂತ ಕ್ಲಾಸೇ ದಂಡ ಅಂತಲ್ಲ. ತಪ್ಪನ್ನ ತಕ್ಷಣ ತಪ್ಪು ಅನ್ನೋ ಕಣ್ಣು ಸಿಗೋದು ಅಲ್ಲೇ, ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಮಡಚ್ತಿದೆ ಅಂತ ನೋಡಿ ಹೇಳೋರು ಸಿಗೋದೂ ಅಲ್ಲೇ, ಏಳು ಜನ ಏಳು ಜನ ಸೇರಿ ಜೋನ್ ಡಿಫೆನ್ಸ್, ಅಂದ್ರೆ ಒಬ್ಬೊಬ್ಬಳ ಬದ್ಲು ಒಂದೊಂದು ಜಾಗ ಕಾಯೋದು, ಕಲಿಯೋದು ಮನೆ ಹಿಂದೆ ಆಗೋ ಮಾತಲ್ಲ. ಸೇರಿಸೋಕೆ ಮುಂಚೆ ಒಂದು ದಿನ ಸುಮ್ನೆ ಹೋಗಿ ನೋಡಿ. ಎಷ್ಟು ಮಕ್ಕಳಿಗೆ ಒಂದು ಬಾಲ್? ಆರಕ್ಕಿಂತ ಜಾಸ್ತಿ ಇದ್ರೆ ವಾಪಸ್ ಬನ್ನಿ. ಪ್ರಾಕ್ಟೀಸಲ್ಲೂ ವಿಸಿಲ್ ಹೊಡೀತಾರಾ? ಡಿಫೆನ್ಸ್ ಮಕ್ಕಳಿಗೆ ಬೇರೆ ಟೈಮ್ ಕೊಡ್ತಾರಾ, ಇಲ್ಲಾ ಎಲ್ಲರಿಗೂ ಬರೀ ಶೂಟಿಂಗಾ?

ಬಾಸ್ಕೆಟ್‌ಬಾಲ್ ಕೋಚ್ ಹತ್ರ ಕಳಿಸ್ಬಹುದಾ ಅಂತ ಕೇಳಿದವರಿಗೆ: ಪಕ್ಕಕ್ಕೆ ಜಾರೋ ಹೆಜ್ಜೆ, ಬಾಗಿದ ಮಂಡಿ, ಇವೆಲ್ಲ ಅಲ್ಲಿಂದ ಚೆನ್ನಾಗಿ ಬರುತ್ತೆ. ಆದ್ರೆ ಅಲ್ಲಿ ಬಾಲ್ ಇರೋಳ ಮುಖಕ್ಕೇ ಹತ್ತಿ ನಿಲ್ಬಹುದು, ಇಲ್ಲಿ ಮೂರಡಿ. ಈಗಾಗ್ಲೇ ಅಬ್‌ಸ್ಟ್ರಕ್ಷನ್ ಜಾಸ್ತಿ ಬೀಳೋ ಹುಡುಗೀನ ಅಲ್ಲಿಗೆ ಕಳಿಸಿದ್ರೆ ಬೆಂಕಿಗೆ ತುಪ್ಪ ಹಾಕಿದಂಗೆ.

ಖೋ ಖೋ ಬಗ್ಗೆ ಯಾರೂ ಕೇಳ್ಲಿಲ್ಲ, ನಾನೇ ಹೇಳ್ತೀನಿ. ಖೋ ಖೋಗೆ ರೂಲ್ಸ್ ರೂಪ ಕೊಟ್ಟ ಡೆಕ್ಕನ್ ಜಿಮ್ಖಾನಾ ಇರೋ ಊರಿದು, ಹೆಚ್ಚುಕಮ್ಮಿ ಎಲ್ಲಾ ಸ್ಕೂಲಲ್ಲೂ ಪುಕ್ಕಟೆ ಆಡ್ಸ್ತಾರೆ. ಥಟ್ ಅಂತ ನಿಂತು ದಿಕ್ಕು ಬದಲಾಯಿಸೋದ್ರಲ್ಲಿ ಆ ಹುಡುಗೀರನ್ನ ಮೀರ್ಸೋರಿಲ್ಲ, ನನ್ನ ಗುಂಪಿನ ಇಬ್ಬರು ಅತ್ಯುತ್ತಮ ವಿಂಗ್ ಡಿಫೆನ್ಸ್ ಅಲ್ಲಿಂದಾನೇ ಬಂದವರು. ಕಬಡ್ಡಿಯಿಂದ ಬಂದವಳು ಒಬ್ಬಳಿದಾಳೆ, ಧೈರ್ಯ ಅಂದ್ರೆ ಧೈರ್ಯ, ಆದ್ರೆ ಎದುರಿನವಳು ಹತ್ರ ಬಂದ್ರೆ ಕೈ ತಾನಾಗೇ ಹಿಡಿಯೋಕೆ ಹೋಗುತ್ತೆ, ಪಾಪ ಅದನ್ನ ಬಿಡಿಸೋಕೆ ಆರು ತಿಂಗಳು ಬೇಕಾಯ್ತು.

ಮ್ಯಾಚ್, ಮತ್ತೆ ವಿಡಿಯೋ

ಮ್ಯಾಚ್ ಕಾಯಿಲೆ ತೋರಿಸುತ್ತೆ, ವಾಸಿ ಮಾಡಲ್ಲ. ಹದಿನೈದು ನಿಮಿಷದ ಕ್ವಾರ್ಟರಲ್ಲಿ ಗೋಲ್ ಕೀಪರ್‌ಗೆ ಸರಿಯಾಗಿ ಮಾರ್ಕ್ ಮಾಡೋ ಅವಕಾಶ ಸಿಗೋದೇ ಸ್ವಲ್ಪ, ಸಿಕ್ಕಾಗ ಭಯದಲ್ಲಿ ಹಳೇ ಚಟಾನೇ ಹೊರಗೆ ಬರುತ್ತೆ. ಆದ್ರೆ ಒಂದು ಉಪಾಯ ಇದೆ, ಪ್ರಾಕ್ಟೀಸ್ ಮ್ಯಾಚಲ್ಲಿ ಒಂದು ತಿಂಗಳು ಅವಳನ್ನ ಗೋಲ್ ಅಟ್ಯಾಕ್ ಆಡಿಸಿ. ತನ್ನನ್ನ ಯಾರು ಹೇಗೆ ಕಾಡ್ತಾರೆ, ಯಾವ ಡಿಫೆನ್ಸ್ ಎದುರು ಬಾಲ್ ಕೇಳೋಕೇ ಮನಸ್ಸು ಬರಲ್ಲ ಅಂತ ಮೈಯಲ್ಲೇ ಗೊತ್ತಾಗುತ್ತೆ. ಕೋಚ್‌ಗಳು ಒಪ್ಪಲ್ಲ, ಪಾಯಿಂಟ್ ಹೋಗುತ್ತೆ ಅಂತಾರೆ, ಕೇಳಿ ನೋಡಿ.

ವಿಡಿಯೋ ಪುಕ್ಕಟೆ, ಆದ್ರೆ ನೋಡೋ ರೀತೀಲಿ ನೋಡಿದ್ರೆ ಮಾತ್ರ. ಟಿವಿ ಕ್ಯಾಮೆರಾ ಬಾಲ್ ಹಿಂದೇನೇ ಓಡುತ್ತೆ, ಬಾಲ್ ಇಲ್ಲದ ಕಡೆ ನಡೆಯೋ ಮಾರ್ಕಿಂಗ್ ಅರ್ಧ ಕಾಣೋದೇ ಇಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್ ಫೈನಲ್ ನಾನು ಎಷ್ಟು ಸಲ ನೋಡಿದೀನೋ, ಎರಡು ಸಲ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ ನ್ಯೂಜಿಲೆಂಡ್ 66-64ಕ್ಕೆ ಆಸ್ಟ್ರೇಲಿಯಾನ ಸೋಲ್ಸಿದ್ದು, ನೋಡಿ ಕೂಗಾಡಿದ್ದೇ ಬಂತು. ಅದಕ್ಕಿಂತ ನಿಮ್ಮ ಮಗಳ ಆಟಾನೇ ಮೊಬೈಲಲ್ಲಿ ಗೋಲ್ ಪೋಸ್ಟ್ ಹಿಂದಿಂದ ತೆಗೀರಿ, ಬಾಲ್ ಹಿಂದೆ ಫೋನ್ ತಿರುಗಿಸ್ಬೇಡಿ, ಸಂಜೆ ಸ್ಲೋ ಮಾಡಿ ಬರೀ ಅವಳ ಪಾದ ನೋಡ್ಸಿ. "ನಾನು ಹಿಂದೆ ಸರಿದಿದ್ದೆ ಅಮ್ಮಾ" ಅಂತ ಜಗಳ ಆಡೋ ಹುಡುಗಿ ಎರಡು ಕ್ಲಿಪ್ಪಿಗೆ ಸುಮ್ನಾಗ್ತಾಳೆ.

ಹಾಗಾದ್ರೆ ಯಾರಿಗೆ ಯಾವುದು

ಹತ್ತು ಹನ್ನೆರಡು ವರ್ಷದ ಮಗು ಆದ್ರೆ ಕ್ಲಾಸಿಗೆ ದುಡ್ಡು ಈಗ್ಲೇ ಬೇಡ. ಸ್ಕೂಲಲ್ಲಿ ಖೋ ಖೋ, ಮನೇಲಿ ಟೈಲ್, ಭಾನುವಾರ ಮೂವರ ಆಟ, ಖರ್ಚು ಒಂದು 5ನೇ ಸೈಜ್ ಬಾಲು, ಒಂದು ಡಬ್ಬಿ ಚಾಕ್‌ಪೀಸು. ಎರಡು ತಿಂಗಳಲ್ಲಿ ಟೂರ್ನಮೆಂಟ್ ಇದೆ ಅನ್ನೋ ಹೈಸ್ಕೂಲ್ ಹುಡುಗಿಗೆ ವಾರಕ್ಕೆ ಮೂರು ದಿನ ಮೂವರ ಡ್ರಿಲ್, ಒಂದು ಮ್ಯಾಚ್, ಒಂದು ವಿಡಿಯೋ, ಹೊಸದೇನೂ ಬೇಡ. ಆಫೀಸಿಂದ ಏಳು ಗಂಟೆಗೆ ಬಂದು ಮಗಳಿಗೆ ಟೈಮ್ ಕೊಡೋಕೆ ಆಗಲ್ಲ, ದುಡ್ಡಿಗೆ ತೊಂದ್ರೆ ಇಲ್ಲ ಅನ್ನೋರು ಕ್ಲಾಸಿಗೇ ಹಾಕಿ, ಬಾಲ್ ಎಣಿಸಿ ಹಾಕಿ. ಜೂನ್ ಬಂತಂದ್ರೆ ಸಿಮೆಂಟ್ ಕೋರ್ಟ್ ಮೇಲೆ ಪಾಚಿ, ಆಗ ಯಾವ ಡ್ರಿಲ್ಲೂ ಬೇಡ, ಲಾಬಿ ಟೈಲ್ ಒಂದೇ, ಅದೂ ನೆಲ ಒರೆಸಿ.

ಇನ್ನು ಆ ಕಾಲೇಜ್ ಹುಡುಗಿ. ಅವಳು ಗೋಲ್ ಕೀಪರ್, ಅವಳ ಎದುರಿನ ಶೂಟರ್ ಅವಳಿಗಿಂತ ಒಂದು ಗೇಣು ಎತ್ತರ, ಮುಂದೆ ನಿಂತ್ರೆ ತಲೆ ಮೇಲಿಂದ ಎತ್ತಿ ಕೊಡ್ತಾರೆ, ಹಿಂದೆ ನಿಂತ್ರೆ ಆರಾಮಾಗಿ ಹಿಡೀತಾಳೆ, ಏನ್ಮಾಡ್ಲಿ ಆಂಟಿ ಅಂತ. ಇದು ದೊಡ್ಡ ದೊಡ್ಡ ಟೀಮ್‌ಗಳಿಗೂ ಇರೋ ತಲೆನೋವು, ಜಮೈಕಾದ ಶೂಟರ್ ಜನೀಲ್ ಫೌಲರ್ 198 ಸೆಂಟಿಮೀಟರ್, ಅವಳ ಮುಂದೆ ನಿಂತು ಹಾರಿದ್ರೆ ಯಾರಿಗೆ ಸಿಗುತ್ತೆ. ಅಲ್ಲಿ ಒಬ್ಬಳ ಮಾರ್ಕಿಂಗಿಂದ ಆಗೋದು ಕಮ್ಮಿ. ಸರ್ಕಲ್ ಅಂಚಲ್ಲಿ ನಿಂತು ಬಾಲ್ ಎತ್ತಿ ಕೊಡೋಳ ಮುಂದೆ ನಿಮ್ಮ ವಿಂಗ್ ಡಿಫೆನ್ಸ್ ಮೂರಡಿ ದೂರದಲ್ಲಿ ಕೈ ಎತ್ತಿ ನಿಂತ್ರೇನೇ ಆ ಪಾಸ್ ಹಾಳಾಗೋದು, ಕೀಪರ್ ಆದವಳು ಪೋಸ್ಟ್ ಹತ್ರದ ಜಾಗ ಅವಳಿಗಿಂತ ಮೊದ್ಲು ಹಿಡಿದು ಅವಳು ದೂರದಿಂದ ಶೂಟ್ ಮಾಡೋ ಹಂಗೆ ಮಾಡ್ಬೇಕು. ಹಾಗಾಗಿ ಅವಳಿಗೆ ಹೇಳಿದ್ದು, ನೀನೊಬ್ಬಳೇ ಹೋಗಿ ಕ್ಲಾಸ್ ಸೇರ್ಬೇಡ, ನಿಮ್ಮ ವಿಂಗ್ ಡಿಫೆನ್ಸ್‌ನ ಕರ್ಕೊಂಡು ಭಾನುವಾರ ಬಾ, ಎತ್ತರದ ಶೂಟರ್ ಬದ್ಲು ನಮ್ಮೆಜಮಾನ್ರು ನಿಲ್ತಾರೆ, ಎಸೆಯೋಕೆ ಅತ್ತೆ ಇದಾರೆ.